ಸಿಪ್ಪೆ ಟೀಚರ್

ಚಾಮರಾಜಪೇಟೆಯ ಆ ಶಾಲೆಯಲ್ಲಿ ಅಲಮೇಲು ಟೀಚರ್‌ಗೆ ಮಕ್ಕಳಿಟ್ಟ ಹೆಸರು ಸಿಪ್ಪೆ ಟೀಚರ್. ಲೆಕ್ಕ ತಪ್ಪಲಿ, ಮೂಗು ಸೋರಲಿ, ಅವರ ಮದ್ದು ಒಂದೇ: ದಾನಿಯೊಬ್ಬರು ದಿನಾ ಪುಕ್ಕಟೆ ಕಳಿಸುತ್ತಿದ್ದ ಬಾಳೆಹಣ್ಣು. "ಬೋಂಡಾ ಬಿಡ್ರೋ, ಹಣ್ಣು ತಿನ್ನೋದು ಕಲೀರಿ. ಸಿಪ್ಪೆ ತೋರ್ಸಿದೋರಿಗೇ ನಾಳೆ ಹಣ್ಣು!" ಎಂದು ಗದರಿ, ಒಂದೊಂದು ಸಿಪ್ಪೆಯನ್ನೂ ಕಳ್ಳನೋಟು ಹುಡುಕುವ ಕ್ಯಾಷಿಯರನಂತೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೊದಮೊದಲು ಮುಖ ಸಿಂಡರಿಸಿದ ಮಕ್ಕಳಿಗೆ ರುಚಿ ಹತ್ತಿತು, ಬೋಂಡಾ ಮರೆತೇ ಹೋಯಿತು. ಅಷ್ಟರಲ್ಲಿ ದಾನಿ ತೀರಿಕೊಂಡರು, ಹಣ್ಣು ನಿಂತಿತು. ಆದರೂ ಮಧ್ಯಾಹ್ನದ ಗಂಟೆ ಹೊಡೆದರೆ ಮಕ್ಕಳು ತಾವಾಗಿಯೇ ಸಾಲು ನಿಲ್ಲುತ್ತಿದ್ದರು. ಟೀಚರ್ ಅವರಿಗೆ ಬೆನ್ನು ಹಾಕಿ, ಏನೂ ಬರೆಯದ ಬೋರ್ಡನ್ನು ಒರೆಸುತ್ತಿದ್ದರು. ಒಂದು ದಿನ ಒಂದನೇ ಕ್ಲಾಸಿನ ನಾಗಮಣಿ ಅವರ ಸೆರಗೆಳೆದು, ಬೀದಿಯಲ್ಲಿ ಆಯ್ದು ತಂದ ಕರೀ ಸಿಪ್ಪೆಯೊಂದನ್ನು ಚಾಚಿದಳು: "ಸಿಪ್ಪೆ ತೋರ್ಸಿದೀನಿ ಟೀಚರ್. ನಾಳೆ ಹಣ್ಣು ಕೊಡ್ತೀರಲ್ವಾ?"