ಬೈತಲೆಯ ಐದು ಕೂದಲು

ನಿಮ್ಮೆಲ್ಲರಿಗಿಂತ ಹಿರಿಯಳಾದ ನಿಮ್ಮ ಅಕ್ಕ ಜೇವರ್ಗಿಯಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ ವರ್ಷ, ಅವಳ ಬೈತಲೆಯ ಪಕ್ಕದಲ್ಲಿ ಐದು ಬಿಳಿ ಕೂದಲು ಕಾಣಿಸಿಕೊಂಡವು. ಒಂದು ಶನಿವಾರ ಕಾಲೇಜಿನಿಂದ ಬಂದವಳೇ ಚೀಲ ಎಸೆದಳು.

"ಎಲ್ಲಾರೂ ಮುದುಕಿ ಅಂತಾರ ದಾದಿಮಾ. ಇವು ಹೋಗೂತನಕ ನಾ ಕಾಲೇಜಿಗಿ ಹೋಗಂಗಿಲ್ಲ."

ನಿಮ್ಮ ಅಜ್ಜಿಯಾದ ನಾನು ಕೊಳಕೂರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ನನಗೆ ಗೊತ್ತಿದ್ದ ಮದ್ದು ಮೆಹಂದಿ ಒಂದೇ. ಮರುದಿನ ಬೆಳಗ್ಗೆ ಚಹಾದ ನೀರಿನಲ್ಲಿ ಕಲಸಿ ಅವಳ ತಲೆಗೆ ದಪ್ಪಗೆ ಮೆತ್ತಿದೆ. ನನ್ನ ತಲೆ ಪೂರ್ತಿ ಬೆಳ್ಳಗಿದೆ, ಮೆಹಂದಿ ಹಚ್ಚಿದರೆ ಎಲ್ಲವೂ ಒಂದೇ ಸಮ ಕೆಂಪಾಗುತ್ತದೆ. ಕಪ್ಪು ಕೂದಲಿನ ಮೇಲೆ ಆ ಬಣ್ಣ ಕಾಣುವುದೇ ಇಲ್ಲವೆಂಬುದು ನನಗೆ ಹೊಳೆಯಲಿಲ್ಲ. ತಲೆ ತೊಳೆದು ಒಣಗಿಸಿದಾಗ ಆ ಐದು ಕೂದಲು ಮಾತ್ರ ಕೇಸರಿಯಾಗಿ ಝಗಝಗ ಹೊಳೆಯುತ್ತಿದ್ದವು.

"ಯಾ ಅಲ್ಲಾ! ಮೊದಲ ಬಾಜೂಕ ಕುಂತವ್ರಿಗಷ್ಟ ಕಾಣ್ತಿದ್ವು, ಈಗ ಬಸ್ ಸ್ಟ್ಯಾಂಡಿನಿಂದನೂ ಕಾಣ್ತಾವ!"

"ಕಿತ್ತಿ ಒಗೀಲೇನ ಬೇಟಿ?"

"ಕಿತ್ತಿದ್ರ ಮತ್ತ ಬಿಳೀದೇ ಬರ್ತದ." ಅಳುತ್ತಲೇ ನನಗೆ ಪಾಠ ಹೇಳಿದಳು. "ಕೂದಲಿನ ಬುಡದಾಗ ಸಣ್ಣ ಚೀಲ ಇರ್ತದ. ಅದರಾಗ ಬಣ್ಣ ಮಾಡೂ ಜೀವಕೋಶ ಇರ್ತಾವ. ಕೂದಲು ಬೆಳ್ಯೂವಾಗ ಅವು ಬಣ್ಣ ತುಂಬಿ ಮ್ಯಾಲೆ ಕಳಸ್ತಾವ. ಅವು ತೀರಿದ್ರ ಬರೀ ಬಿಳೀ ಕೂದಲು. ನಿನ್ನ ಮೆಹಂದಿ ಆ ಚೀಲದತನಕ ಹೋಗಂಗಿಲ್ಲ."

ಮೂಗೊರೆಸಿಕೊಂಡು ಕೇಳಿದಳು. "ಇಷ್ಟ್ ಲಗೂ ಬರೂದು ಮನೆತನದಾಗ ಇರ್ತದಂತ. ನಿನಗ ಯಾವಾಗ ಬಂದ್ವು?"

ಹರೆಯದಿಂದಲೂ ನನ್ನ ತಲೆಯ ಮೇಲಿನ ಸೆರಗು ಜಾರಿದ್ದನ್ನು ಊರಿನಲ್ಲಿ ಯಾರೂ ನೋಡಿಲ್ಲ. ಎಷ್ಟು ಮರ್ಯಾದಸ್ತೆ ಎಂದು ಹೊಗಳುತ್ತಿದ್ದರು. ಒಳಗಿನ ಕಾರಣವನ್ನು ನನ್ನ ಗಂಡನಿಗೆ, ಅಂದರೆ ನಿಮ್ಮ ದಾದಾ ಅವರಿಗೆ, ಬಿಟ್ಟು ಯಾರಿಗೂ ನಾನು ಹೇಳಿರಲಿಲ್ಲ.

"ಹದಿನಾರಕ್ಕ," ಎಂದೆ. "ನಿನಗ ನಾನೇ ಕೊಟ್ಟೇನಿ ಇದನ್ನ."

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ದಾದಾ ನೋಡಿ ಏನಂದ್ರು?"

"'ಹಲ್ಲು ಎಣಿಸಿ, ವಯಸ್ಸು ನೋಡಿ ತರಾಕ ನೀ ಏನ್ ಎತ್ತೇನು?' ಅಂದು ನಕ್ರು."

ಅವಳಿಗೂ ನಗು ತಡೆಯಲಾಗಲಿಲ್ಲ. ಆದರೂ ನಾಳೆ ಹೋಗುತ್ತೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ತಾನೇ ಜಡೆ ಹಾಕಿಕೊಂಡು ಹೊರಟಳು. ಸಂಜೆ ಅವಳು ಬರುವವರೆಗೆ ನಾನು ಬಾಗಿಲಲ್ಲೇ ಕುಳಿತಿದ್ದೆ.

"ಮತ್ತ ಮುದುಕಿ ಅಂದ್ರೇನ ಬೇಟಿ?"

"ಅಂದ್ರು. ನಮ್ಮ ದಾದಿಮಾನ ಕಡಿಂದ ಬಂದಾವ ಅಂದೆ." ಚಪ್ಪಲಿ ಬಿಡುತ್ತ ಹೇಳಿದಳು. "ನಾಳಿ ಎಂಟಕ್ಕ ಕ್ಲಾಸ್ ಅದ, ಲಗೂ ಎಬ್ಬಸು."