ರತ್ನಮ್ಮನ ಬೆನ್ನುನೋವು

ಇಬ್ಬರು ಹಿಡಿಯಬೇಕಾದ ಸಾರಿನ ಪಾತ್ರೆಯನ್ನು ರತ್ನಮ್ಮ ಒಬ್ಬರೇ ಒಲೆಯಿಂದ ಇಳಿಸುತ್ತಿದ್ದರು. ಗುತ್ತಲಿನ ನಮ್ಮ ಶಾಲೆಯಲ್ಲಿ ಅವರು ಬಿಸಿಯೂಟದ ಅಡುಗೆಯವರು, ನಾನು ಟೀಚರು. ಕೈ ಕೊಡಲು ಹೋದರೆ ಬೈಗುಳ. "ಸರೀರಿ ಮಿಸ್ಸೇ ಅತ್ಲಾಗೆ, ಸೀರೆ ಸುಟ್ಕಂಡೀರಿ!"

ತಟ್ಟೆಯಲ್ಲಿ ಅನ್ನ ಬಿಟ್ಟ ಮಕ್ಕಳಿಗೆ "ಲೇ, ಅದ್ನ ನಿಮ್ಮಪ್ಪ ಬಂದು ತಿಂದಾನೇನ್ಲಾ?" ಎಂದು ಗದರುವರು. ಜ್ವರ ಬಂದ ಮಗುವಿಗೆ ಮಾತ್ರ ಬೇರೆಯಾಗಿ ಗಂಜಿ ಕಾಯಿಸಿ, ಎದುರು ಕೂತು ಕುಡಿಸುವರು. ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಟೀಗೆ ಕದ್ದು ಸಕ್ಕರೆ ಹಾಕಿಕೊಳ್ಳುವಾಗ ಸಿಕ್ಕಿಬಿದ್ದರೆ, "ನಾಕ್ ಕಾಳು ಏನ್ ಮಾಡದು ಬುಡಿ" ಎಂದು ನಗುವರು.

ಹೋದ ವರ್ಷ ಅವರಿಗೆ ಬೆನ್ನಿನ ಬಲಪಕ್ಕ ಹಿಡಿದುಕೊಂಡಿತು. ಪಾತ್ರೆ ಎತ್ತಿ ಉಳುಕಿರಬೇಕು ಎಂದುಕೊಂಡೆವು. ನನ್ನ ಬ್ಯಾಗಿನಲ್ಲಿದ್ದ ನೋವಿನ ಮಾತ್ರೆ ಕೊಟ್ಟೆ. ನೋವು ತಗ್ಗಿತು. ಮರುದಿನವೂ ಕೇಳಿದರು. ಹೀಗೆ ಎರಡು ವಾರ ಕೊಡುತ್ತಲೇ ಬಂದೆ. ನಡುವೆ ಕ್ಲಿನಿಕ್ಕಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದಾಗ ಏನೂ ಇಲ್ಲವೆಂದು ಬಂತು. ನನಗೂ ನಿರಾಳವಾಯಿತು.

ಒಂದು ಮಧ್ಯಾಹ್ನ ಉರಿಯುವ ಒಲೆಯ ಮುಂದೆಯೇ ಗಡಗಡ ನಡುಗುತ್ತ ನಿಂತಿದ್ದರು. ಬಲಗಾಲನ್ನು ನೆಟ್ಟಗೆ ಊರಲಾಗುತ್ತಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಪಕ್ಕೆಲುಬಿನ ಕೆಳಗೆ ಮೆಲ್ಲಗೆ ತಟ್ಟಿದ್ದೇ ತಡ, ಚೀರಿದರು. ಸ್ಕ್ಯಾನಿಂಗಿನಲ್ಲಿ ಮೂತ್ರಪಿಂಡದ ಸುತ್ತ ಕೀವು ಕಟ್ಟಿರುವುದು ಕಂಡಿತು. ಕ್ಲಿನಿಕ್ಕಿನ ಮೂತ್ರ ಪರೀಕ್ಷೆಯ ಚೀಟಿ ತೋರಿಸಿದೆ.

"ಹೀಗೆ ಕಿಡ್ನಿ ಹೊರಗಡೆ ಕಟ್ಟಿಕೊಂಡ್ರೆ ಮೂತ್ರದಲ್ಲಿ ಏನೂ ಕಾಣದೇ ಇರಬಹುದು" ಎಂದರು ಡಾಕ್ಟರು. "ಬರೀ ಔಷಧಿಗೆ ಬಗ್ಗಲ್ಲ, ಟ್ಯೂಬ್ ಹಾಕಿ ತೆಗೀಬೇಕು. ಇಷ್ಟು ದಿನ ಜ್ವರ ಬರಲಿಲ್ವಾ? ಮಾತ್ರೆ ಏನಾದ್ರೂ ತಗೋತಿದ್ರಾ?"

ರತ್ನಮ್ಮ ನನ್ನ ಕಡೆ ನೋಡಲೇ ಇಲ್ಲ. "ನಾನೇ ಅಂಗ್ಡೀಲಿ ತಕ್ಕಂಡು ನುಂಗ್ತಿದ್ದೆ ಸಾ."

ಅವರನ್ನು ಒಳಗೆ ಕರೆದೊಯ್ದ ಮೇಲೆ ಡಾಕ್ಟರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. "ನೋವಿನ ಮಾತ್ರೆ ಜ್ವರಾನೂ ಮುಚ್ಚಿಬಿಡುತ್ತೆ ಮೇಡಂ. ಮುಂಚೆ ಬಂದಿದ್ರೆ ಚೆನ್ನಾಗಿತ್ತು" ಎಂದರು, ಅಷ್ಟೇ.

ಬೆನ್ನಿಗೆ ಹಾಕಿದ ಟ್ಯೂಬಿನಿಂದ ಎರಡು ದಿನ ಚೀಲಕ್ಕೆ ಕೀವು ಇಳಿಯುತ್ತಲೇ ಇತ್ತು. ಮೂರನೆಯ ದಿನ ಹೋದಾಗ ನಂಜು ರಕ್ತಕ್ಕೇರಿದೆ ಎಂದು ನರ್ಸ್ ಹೇಳಿದರು. ರತ್ನಮ್ಮನ ಕಣ್ಣುಗಳು ಗುಳಿಬಿದ್ದಿದ್ದವು. ಕೈ ಹಿಡಿದು, "ನನ್ನಿಂದಲೇ ಹೀಗಾಯ್ತು" ಎಂದೆ.

"ಅಳ್ಬೇಡಿ ಮಿಸ್ಸೇ. ನೋಯ್ತದೆ ಅಂದಾಗ ಯಾರ್ ಕೇಳುದ್ರು? ನೀವೊಬ್ರೇ ಕೇಳುದ್ರಿ." ಹಾಗೇ ಶಾಲೆಯ ಅಡುಗೆಮನೆಯ ಮಾತಿಗೆ ಬಂದರು. "ತೊಗರಿಬೇಳೇಲಿ ಉಳ ಆಗದೆ. ಬಿಸ್ಲಿಗಾಕ್ಸಿ, ಮಕ್ಳು ತಿಂತವೆ."

ಮರುದಿನ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಚಾಪೆ ಹಾಸಿ ಬೇಳೆ ಹರಡುತ್ತಿದ್ದೆ. ಅವರ ಮಗಳ ಫೋನ್ ಬಂತು. "ಅವ್ವ ಓಗ್ಬುಡ್ತು ಮಿಸ್ಸೇ" ಎಂದಳು. ಕೊನೆಯ ಹುಳು ಆರಿಸಿ ಮುಗಿಯುವವರೆಗೂ ಅಲ್ಲೇ ಕೂತಿದ್ದೆ.