ಗಿರಣಿ ಲೈನಿನಿಂದ ದಿಲ್ಲಿಗೆ ಹೋದ ಕಾಕಾ

ಕಾಕಾನ ಎಡಗೈ ತೋರುಬೆರಳು ನಡುಗೆಣ್ಣಿಗೇ ಮುಗಿದಿತ್ತು. ಬಳ್ಳಾರಿಯ ಹತ್ತಿ ಗಿರಣಿಯ ಯಂತ್ರ ಅದನ್ನು ಕಚ್ಚಿಕೊಂಡು ಹೋದಾಗ ಅವರಿಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲವಂತೆ. ಮೋಟಿನ ತುದಿಯ ಚರ್ಮ ಬಿಗಿದುಕೊಂಡು ನುಣ್ಣಗೆ ಹೊಳೆಯುತ್ತಿತ್ತು. ಭಾಷಣಕ್ಕೆ ನಿಂತರೆ ಅದನ್ನೇ ಎತ್ತಿ ಆಡಿಸುತ್ತಿದ್ದರು. ಎಲೆಕ್ಷನ್ ದಿನ ಬೂತಿನವರು ಶಾಯಿ ಎಲ್ಲಿ ಹಚ್ಚುವುದೆಂದು ತಬ್ಬಿಬ್ಬಾದರೆ, "ಉಳಿದದ್ದಕ್ಕ ಹಚ್ರಿ. ಹೋದದ್ದನ್ನ ಗಿರಣಿ ಮಾಲಕ ಇಟ್ಕೊಂಡಾನ" ಎಂದು ನಗುತ್ತಿದ್ದರು.

ರಕ್ತಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಅಪ್ಪನ ಜೊತೆ ಒಂದೇ ಪಾಳಿಯಲ್ಲಿ ದುಡಿದವರು. ಕೂಲಿಕಾರರಿಗೆಂದು ಗಿರಣಿಯವರು ಕಟ್ಟಿಸಿದ್ದ ಸಾಲುಮನೆಗಳಿಗೆ ಲೈನು ಎನ್ನುತ್ತಿದ್ದರು. ಅಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಹತ್ತಿಯ ಧೂಳು ಎದೆಗಿಳಿದು ಅಪ್ಪ ತೀರಿಕೊಂಡಾಗ ಗಿರಣಿಯ ಮ್ಯಾನೇಜರು ಮನೆ ಖಾಲಿ ಮಾಡಿಸಲು ಆಳುಗಳನ್ನು ಕಳಿಸಿದ. ಕಾಕಾ ಬಂದು ನಮ್ಮ ಹೊಸ್ತಿಲ ಮೇಲೆ ಕೂತರು. ಎಬ್ಬಿಸಿದರೂ ಏಳಲಿಲ್ಲ. ಸುದ್ದಿ ತಿಳಿದು ಗಿರಣಿಯ ಒಳಗಿದ್ದವರು ಯಂತ್ರ ನಿಲ್ಲಿಸಿ ಹೊರಗೆ ಬಂದರು. ಸಂಜೆಯ ಹೊತ್ತಿಗೆ ಮನೆ ನಮಗೇ ಉಳಿಯಿತು, ಅವ್ವನಿಗೆ ಕಸ ಗುಡಿಸುವ ಕೆಲಸವೂ ಸಿಕ್ಕಿತು.

ಸಾಲೆ ಬಿಟ್ಟು ಮನೆಯಲ್ಲಿದ್ದ ನನ್ನನ್ನು ಮರುವಾರ ಕೈಹಿಡಿದು ಕರೆದೊಯ್ದವರೂ ಅವರೇ. "ನೀವು ಹುಡುಗಿಗೆ ಏನಾಗಬೇಕು?" ಎಂದು ದೊಡ್ಡ ಟೀಚರ್ ಕೇಳಿದರು. "ಕಾಕಾ ಆಗಬೇಕ್ರಿ. ಸಹಿ ಎಲ್ಲಿ ಮಾಡ್ಲಿ ಹೇಳ್ರಿ" ಎಂದರು. ಕಾಲೇಜು ಮುಗಿದು ನನಗೆ ಕುರುಗೋಡಿನಲ್ಲಿ ಟೀಚರ್ ಕೆಲಸ ಸಿಗುವವರೆಗೂ ಆ ಕೈ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದೆ ನಾನು ಹೇಳುವುದೆಲ್ಲ ಬರೀ ಹೊಟ್ಟೆಕಿಚ್ಚಿನ ಮಾತಾಗಿ ಕೇಳೀತು.

ಅವರು ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ಕೂಡುವವರು. ಜಗಳ ಹೊತ್ತು ಬಂದವರಿಗೆ, "ಮೊದಲ ನೀರು ಕುಡಿ, ಆಮ್ಯಾಲ ಬೈಯುವಂತಿ" ಎನ್ನುವರು. ಕುಡಿದು ಮುಗಿಸುವಷ್ಟರಲ್ಲಿ ಬಂದವರ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಗಿರಣಿ ಮುಚ್ಚಿತು. ಲೈನಿನ ಜಾಗ ತಮ್ಮದೆಂದು ಮಾಲಕರು ಬಂದಾಗ ಕಾಕಾ ಎಲ್ಲರನ್ನೂ ಕೂಡಿಸಿ ಕೋರ್ಟಿಗೆ ಒಯ್ದರು. ತಡೆಯಾಜ್ಞೆ ಸಿಕ್ಕಿತು. ಅದರ ಬಲದ ಮೇಲೆಯೇ ನಾವು ವರ್ಷಗಟ್ಟಲೆ ಗೋಡೆಗೆ ಸುಣ್ಣ ಬಳಿದುಕೊಂಡು ಬದುಕಿದೆವು. ಮುಂದಿನ ಚುನಾವಣೆಯಲ್ಲಿ ವಾರ್ಡು ಅವರನ್ನು ಕಾರ್ಪೊರೇಟರ್ ಮಾಡಿತು. ನಲ್ಲಿ ಬಂತು, ಚರಂಡಿ ಬಂತು, ಬೀದಿದೀಪ ಬಂತು.

ಲೋಕಸಭೆಯ ಟಿಕೆಟ್ ಅವರಿಗೆ ಸಿಕ್ಕಿದ್ದು ಪಕ್ಷದ ಇಬ್ಬರು ದೊಡ್ಡವರ ಜಗಳದಿಂದ. ನನಗಾಗದ್ದು ನಿನಗೂ ಆಗಬಾರದು ಎಂದು ಹಟ ಹಿಡಿದಿದ್ದ ಇಬ್ಬರೂ ಕೊನೆಗೆ ಕಳಂಕವಿಲ್ಲದ ಒಂದು ಮುಖ ಹುಡುಕಿದರು. ಆ ಇಬ್ಬರಲ್ಲಿ ಒಬ್ಬ, ಊರಲ್ಲೆಲ್ಲ ಲೇಔಟ್ ಮಾಡುವವನು, ಕಾಕಾನ ಹೆಗಲ ಮೇಲೆ ಕೈಹಾಕಿಕೊಂಡು ಓಡಾಡತೊಡಗಿದ. ನಮಗೆ ಅದು ಕಾಣಲಿಲ್ಲವೆಂದಲ್ಲ. ಕಂಡಿತು, ಹೆಮ್ಮೆಯಾಯಿತು.

ಅವ್ವ ಲೈನಿನ ಹೆಂಗಸರನ್ನು ಟೆಂಪೊದಲ್ಲಿ ತುಂಬಿಕೊಂಡು ಪ್ರಚಾರಕ್ಕೆ ಹೊರಟಳು. ಕುರುಗೋಡಿನ ಸಂತೆಯಲ್ಲಿ, ಸಿರುಗುಪ್ಪದ ಭತ್ತದ ಗದ್ದೆಗಳ ಬದುವಿನಲ್ಲಿ, ದೇಶನೂರಿನ ಓಣಿಗಳಲ್ಲಿ ಗಂಟಲು ಕಟ್ಟುವವರೆಗೆ ಕೂಗಿದಳು. ವಲಸೆ ಬಂದ ತೆಲುಗು ರೈತರ ಕ್ಯಾಂಪುಗಳಲ್ಲಿ, "ಮಾ ತಮ್ಮುಡು" ಎಂದು ಕಾಕಾನ ಫೋಟೋ ತೋರಿಸುತ್ತಿದ್ದಳು. ತೆಕ್ಕಲಕೋಟೆಯಲ್ಲಿ ನಾಟಿಗೆ ಬಗ್ಗಿದ್ದ ಒಬ್ಬಾಕೆ ಸೊಂಟ ನೆಟ್ಟಗೆ ಮಾಡಿ ಕೇಳಿದಳು: "ಗೆದ್ದಮ್ಯಾಲ ಈ ಕಡೆ ಬರ್ತಾನೇನು ನಿನ್ನ ತಮ್ಮ?"

"ಬರಲಿಲ್ಲಂದ್ರ ನಾನ ಅವನ ಕಿವಿ ಹಿಡ್ಕೊಂಡು ಬರ್ತೀನಿ," ಎಂದಳು ಅವ್ವ.

ಗೆದ್ದರು. ಸಂಸತ್ತಿನಲ್ಲಿ ಅವರು ಮೊದಲು ಮಾತಾಡಿದ ದಿನ ಇಡೀ ಲೈನು ನಮ್ಮ ಮನೆಯ ಟಿವಿ ಮುಂದೆ ಸೇರಿತ್ತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲವೆಂದು ಕಾಕಾ ಕನ್ನಡದಲ್ಲೇ ಹೇಳಿದರು. ಮೋಟುಬೆರಳು ಎತ್ತಿದ್ದೇ ತಡ, ಮನೆಯೊಳಗೆ ಶಿಳ್ಳೆ. ಸ್ವಲ್ಪ ಹೊತ್ತಿಗೆ ಸ್ಪೀಕರ್ ಗಂಟೆ ಬಾರಿಸಿದರು, ಕಾಕಾ ಕೂತರು. ಹೊರಗೆ ಪಟಾಕಿ ಹಚ್ಚಿದೆವು. ಆಮೇಲೆ ಬಹಳ ದಿನ ಟಿವಿ ಹಾಕಿಕೊಂಡು ಕಾದೆವು. ಅವರ ಮುಖ ಹಿಂದಿನ ಸಾಲಿನಲ್ಲಿ ಆಗಾಗ ಕಾಣುತ್ತಿತ್ತು, ದನಿ ಕೇಳಲಿಲ್ಲ.

ಒಮ್ಮೆ ಇಲಾಖೆಯ ತರಬೇತಿಗೆಂದು ನಾನು ದಿಲ್ಲಿಗೆ ಹೋದೆ. ಕಾಕಾ ಕಾರು ಕಳಿಸಿ ಮನೆಗೆ ಕರೆಸಿಕೊಂಡರು. ತಾವೇ ಅಡುಗೆಮನೆಗೆ ಹೋಗಿ ಒಗ್ಗರಣೆ ಮಂಡಕ್ಕಿ ಮಾಡಿ, ಮೆಣಸಿನಕಾಯಿ ಕರಿದು ತಂದಿಟ್ಟರು. ಮಂಡಕ್ಕಿಯನ್ನು ಊರಿಂದಲೇ ತರಿಸಿದ್ದರು. ಸೋಫಾದಲ್ಲಿ ಕೂತು ತಿನ್ನುತ್ತಿದ್ದ ಅವರನ್ನು ನೋಡಿ ನನಗೆ ಯಾರೋ ಬೇರೆಯವರ ಮನೆಯಲ್ಲಿದ್ದಂತೆ ಅನ್ನಿಸಿತು.

"ಯಾಕ ಕಾಕಾ, ಮಾತಾಡೋದ ಬಿಟ್ರಿ?"

"ಇಲ್ಲಿ ನಾವು ಕೈ ಎತ್ತಾಕ ಅದೀವವ್ವ, ಬಾಯಿ ತೆಗೆಯಾಕ ಅಲ್ಲ," ಎಂದರು. ನಗುತ್ತಾರೇನೋ ಎಂದು ಕಾದೆ. ನಗಲಿಲ್ಲ. "ಮುಂದಿನ ಸಲ ಟಿಕೆಟ್ ಸಿಕ್ಕರ ನೋಡು, ಆವಾಗ ಗಟ್ಟಿ ನಿಲ್ತೀನಿ."

ಅವಧಿಯ ಕೊನೆಯ ವರ್ಷ ಅವರು ಲೈನಿಗೆ ಬಂದರು. ಕೋರ್ಟಿನ ಕೇಸು ಹಿಂದಕ್ಕೆ ತೆಗೆದುಕೊಂಡರೆ ಸರ್ಕಾರ ಆ ಜಾಗ ಕೊಂಡು ನಮ್ಮ ಹೆಸರಿಗೇ ಹಕ್ಕುಪತ್ರ ಕೊಡುತ್ತದೆ, ಮೇಲೆ ಎಲ್ಲ ಮಾತಾಗಿದೆ ಎಂದರು. "ನಾ ಇರೋತನಕ ಒಂದು ಇಟ್ಟಿಗಿ ಅಲುಗಾಡಂಗಿಲ್ಲ." ಹಳೆಯ ಫಿಟ್ಟರ್ ಒಬ್ಬರು, "ಕಾಗದ ಕೈಗೆ ಬರ್ಲಿ ತಮ್ಮಾ, ಆಮ್ಯಾಲ ತೆಗಿಯೋಣು" ಎಂದರು. ಅವ್ವ ಅವರ ಮೇಲೆ ರೇಗಿದಳು. "ನಮ್ಮ ಹುಡುಗ ಹೇಳ್ಯಾನ. ಇನ್ಯಾವ ಕಾಗದ ಬೇಕು ನಿನಗ?" ಮೊದಲ ಸಹಿ ಅವಳೇ ಹಾಕಿದಳು. ಉಳಿದವರು ಅವಳ ಹಿಂದೆ ಹಾಕಿದರು.

ಹಕ್ಕುಪತ್ರ ಬರಲಿಲ್ಲ. ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಜೆಸಿಬಿಗಳು ಬಂದವು, ಜೊತೆಗೆ ಪೊಲೀಸರು. ಮಾಲಕರು ಜಾಗವನ್ನು ಆ ಲೇಔಟಿನವನಿಗೆ ಮಾರಿ ಆಗಿತ್ತು. ಕಾಕಾನ ಫೋನು ಸ್ವಿಚ್ ಆಫ್ ಆಗಿತ್ತು. ಅವ್ವ ಹಿಟ್ಟಿನ ಡಬ್ಬಿಯನ್ನೂ ಅಪ್ಪನ ಫೋಟೋವನ್ನೂ ಹೊರಗೆ ತಂದಿಟ್ಟುಕೊಂಡು, "ನನ್ನ ತಮ್ಮ ಬರ್ತಾನ, ಸ್ವಲ್ಪ ತಡೀರಿ" ಎಂದು ಯಂತ್ರ ನಡೆಸುವವನಿಗೆ ಹೇಳುತ್ತಲೇ ಇದ್ದಳು. ನಾನು ಕುರುಗೋಡಿನಿಂದ ಓಡಿ ಬರುವ ಹೊತ್ತಿಗೆ ನಮ್ಮ ಮನೆಯೂ ಕಾಕಾನ ಹಳೆಯ ಮನೆಯೂ ಒಂದೇ ಗುಡ್ಡೆಯಾಗಿ ಬಿದ್ದಿದ್ದವು. ಅಷ್ಟು ವರ್ಷ ಅವಳ ಕೈಯ ರೊಟ್ಟಿ ತಿಂದ ಹೆಂಗಸರು ಆ ದಿನ ಅವಳಿಗೆ ಬೆನ್ನು ಮಾಡಿ ನಿಂತಿದ್ದರು. "ನಿನ್ನ ಮಾತು ಕೇಳಿ ಹಾಳಾದ್ವಿ" ಎಂದು ಒಬ್ಬಳು ಅವಳ ಎದುರಿಗೇ ಅಂದಳು.

ಕಾಕಾ ಊರಿಗೆ ಬಂದಿದ್ದಾರೆಂದು ತಿಳಿದ ದಿನ ಅವ್ವ ನನ್ನನ್ನು ಕರೆದುಕೊಂಡು ಅವರ ಹೊಸ ಬಂಗಲೆಗೆ ಹೋದಳು. ಅವರು ಎದ್ದು ಬಂದು ಅವಳ ಕಾಲು ಮುಟ್ಟಿದರು, ಪಕ್ಕದಲ್ಲಿ ಕೂಡಿಸಿಕೊಂಡರು, ಊಟ ಬಡಿಸಲು ಹೇಳಿದರು. ಅವ್ವ ತಟ್ಟೆ ಮುಟ್ಟಲಿಲ್ಲ.

"ನಿಮಗ ಮೊದಲ ಗೊತ್ತಿತ್ತೇನ್ರಿ?"

ಹುಟ್ಟಿದಾಗಿನಿಂದ ನಾನು ಅವಳ ಬಾಯಲ್ಲಿ ಕಾಕಾನಿಗೆ "ಲೇ ತಮ್ಮಾ" ಬಿಟ್ಟು ಬೇರೆ ಕೇಳಿರಲಿಲ್ಲ. ಕಾಕಾನ ಮುಖ ಕಪ್ಪಿಟ್ಟಿತು.

"ಉಣ್ಣಕ್ಕಾ," ಎಂದರು.

"ಗೊತ್ತಿತ್ತೇನು, ಅಷ್ಟ ಹೇಳ್ರಿ."

"ಆರ್ತೈತಿ, ಉಣ್ಣು."

ಅವ್ವ ಎದ್ದಳು. ಕಾರಿನಲ್ಲಿ ಬಿಟ್ಟುಬರುತ್ತಾರೆಂದರೂ ಹತ್ತಲಿಲ್ಲ. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನವರೆಗೆ ನನ್ನ ಮುಂದೆ ಮುಂದೆ ನಡೆದಳು.

ಕಾಕಾನಿಗೆ ಎರಡನೆಯ ಸಲ ಟಿಕೆಟ್ ಸಿಗಲಿಲ್ಲ. ದೊಡ್ಡವರಿಬ್ಬರೂ ರಾಜಿಯಾಗಿದ್ದರು, ಆ ಮುಖದ ಅಗತ್ಯ ಯಾರಿಗೂ ಉಳಿದಿರಲಿಲ್ಲ. ಬೇರೆ ಪಕ್ಷಕ್ಕೆ ಹೋಗಿ ನಿಂತು ಠೇವಣಿ ಕಳೆದುಕೊಂಡರು. ಬಂಗಲೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಕಾರುಗಳು ಒಂದೊಂದಾಗಿ ಬೇರೆ ಬಾಗಿಲು ಹುಡುಕಿಕೊಂಡವು. ನಾವು ಹಲಕುಂದಿ ಕಡೆ ಬಾಡಿಗೆ ಮನೆ ಹಿಡಿದಿದ್ದೆವು. ಅವ್ವ ಅಲ್ಲೇ ತೀರಿಕೊಂಡಳು. ಮಣ್ಣಿಗೆ ಲೈನಿನವರು ಬಂದರು, ಕಾಕಾ ಬರಲಿಲ್ಲ.

ಬಂದದ್ದು ಆಮೇಲೆ, ಮಳೆಗಾಲ ಮುಗಿಯುವಾಗ. ಆಟೋದಿಂದ ಕೋಲೂರಿಕೊಂಡು ಇಳಿದರು. ಶರ್ಟು ಮೈಮೇಲೆ ಜೋತುಬಿದ್ದಿತ್ತು. ಕುರ್ಚಿ ಹಾಕಿದರೆ ಬೇಡವೆಂದು ಹೊಸ್ತಿಲಲ್ಲಿ ಕೂತರು. ಕಾಯಿಲೆ ಯಾವುದೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಓಣಿಯ ಕಡೆ ನೋಡುತ್ತ ಕೇಳಿದರು:

"ಕಡೀಕ ಅಕ್ಕ ನನ್ನ ಬಗ್ಗೆ ಏನರ ಅಂದ್ಲೇನು? ಬೈದಿದ್ರೂ ಹೇಳು."

ಬೈದಳು ಎನ್ನಬಹುದಿತ್ತು. ಅವರು ಅದನ್ನೇ ಬೇಡಿಕೊಂಡು ಬಂದಂತಿತ್ತು. ಆದರೆ ನಡೆದದ್ದು ಅದಲ್ಲ.

"ಇಲ್ಲ ಕಾಕಾ. ನಿಮ್ಮ ಹೆಸರ ಎತ್ತಲಿಲ್ಲ."

ಅವರು ತಲೆಯಾಡಿಸಿದರು. ಆಟೋದವನು ಹಾರ್ನ್ ಹೊಡೆದಾಗ ಕೋಲೂರಿಕೊಂಡು ಎದ್ದರು. ಅದೇ ಕೊನೆ.

ಸತ್ತಾಗ ದೊಡ್ಡ ಮೈದಾನದಲ್ಲಿ ಮಲಗಿಸಿದ್ದರು. ಹೂವಿನ ಗಾಡಿ, ಪೊಲೀಸ್ ಬ್ಯಾಂಡು. ಲೇಔಟಿನವನು ಮೈಕಿನ ಮುಂದೆ ನಿಂತು ಕಣ್ಣೊರೆಸಿಕೊಂಡು, ಬಡವರ ದನಿಯೊಂದು ಅಡಗಿತು ಎಂದ. ನಾನು ಸಾಲಿನಲ್ಲಿ ನಿಂತು ಹೋಗಿ ನೋಡಿದೆ. ಅಳು ಬಂತು. ಅದು ಯಾರಿಗಾಗಿ ಎಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಸಾಲೆಗೆ ಕೈಹಿಡಿದು ಒಯ್ದವರಿಗೋ, ಹಿಟ್ಟಿನ ಡಬ್ಬಿ ಹಿಡಿದು ಕಾದವಳಿಗೋ.

ಲೈನು ಇದ್ದಲ್ಲಿ ಈಗ ಮೂರಂತಸ್ತಿನ ಮನೆಗಳೆದ್ದಿವೆ. ಬಡಾವಣೆಯ ಬಾಗಿಲ ಕಮಾನಿಗೆ ಲೇಔಟಿನವನು ಕಾಕಾನ ಹೆಸರನ್ನೇ ಇಟ್ಟಿದ್ದಾನೆ, ಹಿತ್ತಾಳೆಯ ಅಕ್ಷರಗಳಲ್ಲಿ. ಅವ್ವನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿದ್ದ ನೆರೆಯಾಕೆ ಈಗ ಅಲ್ಲೇ ಎರಡು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ರವಿವಾರ ಅವಳನ್ನು ಕಾಣಲು ಹೋಗುತ್ತೇನೆ. ಕಾಕಾನ ಹೆಸರು ಈಗ ಸಿಟಿ ಬಸ್ಸಿನ ಒಂದು ಸ್ಟಾಪು.

"ಎಲ್ಲಿಗ್ರಿ ಟೀಚರ್?" ಎನ್ನುತ್ತಾನೆ ಕಂಡಕ್ಟರು.

ನಾನು ಅದರ ಮುಂದಿನ ಸ್ಟಾಪಿನ ಹೆಸರು ಹೇಳಿ, ಅಲ್ಲಿ ಇಳಿದು, ಹಿಂದಕ್ಕೆ ನಡೆದುಬರುತ್ತೇನೆ.